ಮುಕ್ಕಾಲು ಕಡಿದ ನೇರಳೆ ಕೊಂಬೆ

ಕೆಲಸ ಮಾಡುವವರಿಗೆ ಆಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೆಲಸ ಮಾಡುವವರನ್ನು ನಿಂತು ನೋಡಿಕೊಳ್ಳುವವರಿಗೆ ಆಗುವ ಆಯಾಸದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ನಮ್ಮದು ನಿಂತು ನೋಡಿಕೊಳ್ಳುವವರ ವಂಶ. ಗರುಡಾಚಾರ್‌ಪಾಳ್ಯದ ಈ ಭಾಗವೆಲ್ಲ ರಾಗಿ ಹೊಲವಾಗಿದ್ದ ಕಾಲದಲ್ಲಿ ನಮ್ಮಪ್ಪ ಬದುವಿನ ಮೇಲೆ ಕೊಡೆ ಹಿಡಿದು ನಿಂತು, ಕಳೆ ಕೀಳುವವರನ್ನು ನೋಡಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕಾಲು ಚಾಚಿ, ‘ಉಸ್ಸಪ್ಪಾ, ಇವತ್ತು ಅರ್ಧ ಎಕರೆ ಕಳೆ ತೆಗೆದೆ’ ಎನ್ನುತ್ತಿದ್ದರು. ಹೊಲ ಹೋಯಿತು, ಅಪ್ಪ ಹೋದರು, ಕೊಡೆಯೂ ಎಲ್ಲೋ ಹೋಯಿತು. ನಿಂತು ನೋಡಿಕೊಳ್ಳುವ ಚಾಳಿಯೊಂದು ನನ್ನ ಪಾಲಿಗೆ ಉಳಿಯಿತು. ಇಲ್ಲೇ ಹತ್ತಿರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಾನು ಇಪ್ಪತ್ತೆಂಟು ವರ್ಷಗಳಿಂದ ಇದ್ದೇನೆ. ಬೇರೆಯವರು ಬೋಲ್ಟು ಎಣಿಸುತ್ತಾರೆ, ನಾನು ನೋಡಿಕೊಳ್ಳುತ್ತೇನೆ. ಗೋಡೆಗೆ ಬಣ್ಣ ಹೊಡೆಯುವವನು ಬಂದರೂ, ಮೋರಿ ಬಿಡಿಸುವವನು ಬಂದರೂ ರಜೆ ಹಾಕಿ ಪಕ್ಕದಲ್ಲಿ ನಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ‘ನೀವು ನಿಂತ್ಕೊಂಡ್ರೇ ಅವ್ರ ಕೈ ಓಡಲ್ಲ ಕಣ್ರೀ, ಒಳಗೆ ಬನ್ನಿ’ ಎಂದು ನನ್ನ ಹೆಂಡತಿ ಸರೋಜ ಮೂವತ್ತು ವರ್ಷಗಳಿಂದ ಹೇಳುತ್ತಿದ್ದಾಳೆ. ಕೇಳಿದ್ದರೆ ಈ ಪ್ರಬಂಧ ಬರೆಯುವ ಕರ್ಮ ನನಗೆ ಬರುತ್ತಿರಲಿಲ್ಲ.

ನಮ್ಮ ಮನೆಯ ಹಿಂದೆ ಸಿಮೆಂಟ್ ಶೀಟು ಹೊದಿಸಿದ ಆರು ಬಾಡಿಗೆ ರೂಮುಗಳಿವೆ. ಅವುಗಳ ನಡುವಿನ ಅಂಗಳದಲ್ಲಿ ನಮ್ಮಪ್ಪನಿಗಿಂತ ಹಿರಿಯದಾದ ಒಂದು ನೇರಳೆ ಮರ. ಹಣ್ಣಿನ ಕಾಲದಲ್ಲಿ ಅಂಗಳವೆಲ್ಲ ನೇರಳೆ ಬಣ್ಣ, ಒಣಹಾಕಿದ ಬಟ್ಟೆಯೆಲ್ಲ ನೇರಳೆ ಬಣ್ಣ. ಅದನ್ನು ಹೇಗೋ ಸಹಿಸಿಕೊಂಡಿದ್ದೆವು. ಆದರೆ ಅದರ ಎರಡು ದಪ್ಪ ಕೊಂಬೆಗಳು ವರ್ಷ ವರ್ಷ ಬಾಗುತ್ತ, ಒಂದು ಮೂರನೇ ರೂಮಿನ ಮೇಲೂ ಇನ್ನೊಂದು ನಾನು ಮಲಗುವ ಕೋಣೆಯ ಮೇಲೂ ಬಂದು ನಿಂತವು. ನೇರಳೆ ಮರ ಮುಗ್ಧವಾಗಿ ಕಾಣುತ್ತದೆ, ಗಾಳಿಗೆ ಹೇಳದೆ ಕೇಳದೆ ಮುರಿಯುತ್ತದೆ. ಮಳೆಗಾಲಕ್ಕೆ ಮುಂಚೆ ಎರಡನ್ನೂ ತೆಗೆಸಬೇಕೆಂದು ತೀರ್ಮಾನಿಸಿ, ನಾಲ್ಕು ಸಲ ಅಲೆದು ಅನುಮತಿ ಚೀಟಿಯನ್ನೂ ತಂದೆ. ಆ ಚೀಟಿಯ ಕಥೆ ಹೇಳಿದರೆ ನೀವೂ ಸುಸ್ತಾಗುತ್ತೀರಿ, ಬೇಡ.

ಕಡಿಯುವವನನ್ನು ಹುಡುಕಲು ಹೋಗಬೇಕಾಗಿರಲಿಲ್ಲ. ಮೂರನೇ ರೂಮಿನಲ್ಲೇ ಇದ್ದ. ಶರಣಪ್ಪ ಯಾದಗಿರಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದು, ಮರ ಕಡಿಯುವವರ ಜೊತೆ ಸೇರಿ, ಈಗ ತನ್ನದೇ ಮೆಷಿನ್ ಗರಗಸ ಇಟ್ಟುಕೊಂಡಿದ್ದಾನೆ. ಸುತ್ತಮುತ್ತ ಯಾರ ಮನೆಯ ತೆಂಗು ಒಣಗಿದರೂ, ಯಾರ ಸಿಲ್ವರ್ ಓಕ್ ವಾಲಿದರೂ ಶರಣಪ್ಪನಿಗೇ ಫೋನು. ಮಾತು ಕಡಿಮೆ, ಕೆಲಸ ಶುದ್ಧ. ಅವನ ಹೆಂಡತಿ ಮಲ್ಲಮ್ಮ, ಮೂರನೇ ಕ್ಲಾಸಿನಲ್ಲಿ ಓದುವ ಮಗಳು ಭಾಗ್ಯ, ಇಷ್ಟೇ ಸಂಸಾರ. ಬಾಡಿಗೆಗಿದ್ದ ಐದು ವರ್ಷದಲ್ಲಿ ಅವರ ರೂಮಿನಿಂದ ಹೊರಗೆ ಕೇಳಿದ್ದು ಮಲ್ಲಮ್ಮ ಬೆಳಗಿನ ಜಾವ ರೊಟ್ಟಿ ತಟ್ಟುವ ಸದ್ದು ಮಾತ್ರ. ಭಾನುವಾರ ಬೇರೆ ಕಡೆ ಕೆಲಸವಿದೆ ಎಂದು ಶರಣಪ್ಪ ಸೋಮವಾರಕ್ಕೆ ಒಪ್ಪಿಕೊಂಡ. ನಾನು ರಜೆ ಹಾಕಿದೆ. ಸರೋಜ ಹಿಂದಿನ ದಿನವೇ ಹಲಸೂರಿನ ತಂಗಿಯ ಮನೆಗೆ ಹೋಗಿದ್ದಳು. ಅಂದರೆ ನನ್ನನ್ನು ‘ಒಳಗೆ ಬನ್ನಿ’ ಎಂದು ಕರೆಯುವವರು ಯಾರೂ ಇರಲಿಲ್ಲ.

ಏಳೂ ಮುಕ್ಕಾಲಿಗೆ ಕೆಲಸ ಶುರುವಾಯಿತು. ಹಗ್ಗ ಹಿಡಿಯಲು ಶರಣಪ್ಪ ತನ್ನ ಊರಿನ ಇಬ್ಬರನ್ನು ಕರೆತಂದಿದ್ದ. ಮೊದಲು ಸಣ್ಣ ರೆಂಬೆಗಳನ್ನು ಸವರಿ, ಆಮೇಲೆ ಮೂರನೇ ರೂಮಿನ ಮೇಲಿದ್ದ ದಪ್ಪ ಕೊಂಬೆಗೆ ಹಗ್ಗ ಬಿಗಿದು, ಗರಗಸ ಇಟ್ಟ. ಅದರ ರೀತಿ ಏನೆಂದರೆ, ಕೊಂಬೆಯನ್ನು ಮುಕ್ಕಾಲು ಭಾಗ ಕಡಿದ ಕೂಡಲೇ ಕೆಳಗಿನವರು ಹಗ್ಗ ಎಳೆಯಬೇಕು. ಆಗ ಅದು ಹೇಳಿದ ಕಡೆಗೆ, ಖಾಲಿ ಅಂಗಳಕ್ಕೆ ಬಂದು ಬೀಳುತ್ತದೆ. ನಾನು ಸೊಂಟದ ಮೇಲೆ ಕೈಯಿಟ್ಟು, ‘ಹುಷಾರು, ಈ ಕಡೆ, ಆ ಕಡೆ’ ಎಂದು ಯಾರಿಗೂ ಬೇಡದ ಸಲಹೆಗಳನ್ನು ಕೊಡುತ್ತಿದ್ದೆ. ಒಂಬತ್ತರ ಹೊತ್ತಿಗೆ ಗಂಟಲು ಒಣಗಿತು. ನೀರು ಕುಡಿಯಲು ಒಳಗೆ ಹೋದವನು ಹಾಲ್‌ನ ಗೋಡೆಯ ಕಡೆ ನೋಡಿದೆ. ಅಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆ. ತಿಥಿ, ನಕ್ಷತ್ರ, ರಾಹುಕಾಲ, ಎಲ್ಲ ಅದರಲ್ಲಿ ಇರುತ್ತದೆ. ರಾಹುಕಾಲ ಒಂಬತ್ತರಿಂದ ಹತ್ತೂವರೆ ಎಂದಿತ್ತು. ಗಡಿಯಾರ ನೋಡಿದೆ. ಒಂಬತ್ತಕ್ಕೆ ಎರಡು ನಿಮಿಷ.

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಕಾರ್ಖಾನೆಯಲ್ಲಿ ಯಾರಾದರೂ ರಾಹುಕಾಲ ಮುಗಿಯಲಿ ಎಂದರೆ ಮೊದಲು ನಗುವವನು ನಾನೇ. ಆದರೆ ಕಾರ್ಖಾನೆಯಲ್ಲಿರುವುದು ಬೋಲ್ಟು, ಇದು ಅಪ್ಪನಿಗಿಂತ ಹಿರಿಯ ಮರ. ನಾಳೆ ಏನಾದರೂ ಆದರೆ ಸರೋಜ ಕೇಳುತ್ತಾಳೆ, ನಮ್ಮ ದಾಯಾದಿಗಳು ಕೇಳುತ್ತಾರೆ. ಹೊರಗೆ ಓಡಿಬಂದು, ‘ಶರಣಪ್ಪ, ನಿಲ್ಸಪ್ಪ, ಹತ್ತೂವರೆ ಆದ್ಮೇಲೆ ಶುರು ಮಾಡಣ’ ಎಂದೆ.

ಮರದ ಮೇಲಿದ್ದ ಶರಣಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಮೆಷಿನ್ ನಿಲ್ಲಿಸಿ, ‘ಸರ, ಮುಕ್ಕಾಲು ಕಡದೀನ್ರಿ. ಇನ್ನ ಐದ್ ನಿಮಿಷದ ಕೆಲಸ ಅದ. ಹಿಂಗ ಬಿಟ್ರ ಅದು ನಿಲ್ಲಂಗಿಲ್ರಿ’ ಎಂದ.

‘ಇಷ್ಟು ವರ್ಷ ನಿಂತಿರೋದು ಇನ್ನೊಂದೂವರೆ ಗಂಟೆ ನಿಲ್ಲಲ್ವಾ? ರಾಹುಕಾಲ ಕಣಪ್ಪ, ಇಳಿ. ಟೀ ಕುಡಿಯಣ’ ಎಂದೆ. ಅವನು ಒಂದು ಸಲ ಕೊಂಬೆ ನೋಡಿದ, ಒಂದು ಸಲ ನನ್ನನ್ನು ನೋಡಿದ. ಮನೆ ಓನರ್ ಹೇಳಿದ ಮೇಲೆ ಬಾಡಿಗೆಯವನು ಏನು ಮಾಡಬೇಕು? ಹಗ್ಗವನ್ನು ಬುಡಕ್ಕೆ ಇನ್ನೆರಡು ಸುತ್ತು ಬಿಗಿದು ಇಳಿದ. ನಾನೇ ಟೀ ಮಾಡಿಕೊಟ್ಟೆ. ಮಲ್ಲಮ್ಮನನ್ನೂ ರೂಮಿನಿಂದ ಕರೆದು ಒಂದು ಲೋಟ ಕೊಟ್ಟೆ. ಆ ಬೆಳಿಗ್ಗೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಹತ್ತೂ ಹತ್ತಕ್ಕೆ, ನಾವೆಲ್ಲ ಅಂಗಳದ ಈಚೆ ಬದಿಯಲ್ಲಿ ಎರಡನೇ ಸುತ್ತಿನ ಟೀ ಹಿಡಿದು ಕೂತಿದ್ದಾಗ, ಹೇಳಿಕೊಳ್ಳುವಂಥ ಗಾಳಿಯೂ ಇರಲಿಲ್ಲ, ಕೊಂಬೆ ಚರ್ರೆಂದು ಸೀಳಿ ಮೂರನೇ ರೂಮಿನ ಮೇಲೆ ಕೂತಿತು. ನಾಲ್ಕು ಶೀಟು ಪುಡಿ, ಅಡ್ಡ ಪೈಪು ಎರಡು ಬಾಗಿದವು, ಒಳಗಿನ ಮಂಚ ಮುರಿಯಿತು, ಟಿವಿ ಹೋಯಿತು, ಜೋಳದ ಹಿಟ್ಟಿನ ಡಬ್ಬಿ ಚಪ್ಪಟೆಯಾಯಿತು. ಭಾಗ್ಯ ಶಾಲೆಗೆ ಹೋಗಿದ್ದಳು. ಮಲ್ಲಮ್ಮ ಲೋಟ ಕೆಳಗಿಟ್ಟು, ಹೋಗಿ ಬಾಗಿಲಲ್ಲಿ ನಿಂತು ಆಕಾಶ ನೋಡಿದಳು. ರೂಮಿನೊಳಗಿಂದ ಆಕಾಶ ಚೆನ್ನಾಗಿ ಕಾಣುತ್ತಿತ್ತು.

ಸದ್ದು ಕೇಳಿ ಅಕ್ಕಪಕ್ಕದವರು ಓಡಿಬಂದರು. ಮುಂದಿನ ಬೀದಿಯ ಮುನಿರಾಜುವೂ ಬಂದ. ನಮ್ಮ ಚಿಕ್ಕಪ್ಪನ ಮಗ, ನನಗಿಂತ ಒಂದು ವರ್ಷ ಚಿಕ್ಕವನು, ಊರಿನ ಎಲ್ಲ ವಿಷಯಕ್ಕೂ ಅವನದೊಂದು ತೀರ್ಪು ಇರುತ್ತದೆ. ‘ಏನಾಯ್ತಣ್ಣ?’ ಎಂದ. ಇಲ್ಲಿ ನಾನು ಒಂದು ವಾಕ್ಯ ಹೇಳಬೇಕಾಗಿತ್ತು. ‘ರಾಹುಕಾಲ ಅಂತ ನಾನೇ ನಿಲ್ಲಿಸಿದೆ’, ಇಷ್ಟೇ. ಬಾಯಿಗೆ ಬಂದದ್ದು ಬೇರೆ. ‘ಏನ್ ಹೇಳೋದು ಮುನಿರಾಜು, ಅರ್ಧಂಬರ್ಧ ಕೆಲಸ’ ಎಂದೆ. ಸುಳ್ಳೇನೂ ಅಲ್ಲ. ಕೆಲಸ ಅರ್ಧಂಬರ್ಧವೇ ಆಗಿತ್ತು. ಆದರೆ ಎಲ್ಲರ ಕಣ್ಣೂ ಶರಣಪ್ಪನ ಕಡೆ ತಿರುಗಿತು. ಅವನು ನನ್ನ ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತಿದ್ದ. ಸಂಜೆ ಬಂದ ಸರೋಜಳಿಗೂ ಅದನ್ನೇ ಹೇಳಿದೆ. ಒಂದು ಸಲ ಹೊರಬಿದ್ದ ವಾಕ್ಯವನ್ನು ಮನೆಗೊಂದು ರೀತಿ ಬದಲಾಯಿಸುವುದು ಹೇಗೆ?

ರೂಮು ರಿಪೇರಿಯಾಗುವವರೆಗೆ ಅವರು ನಮ್ಮ ಹಾಲ್‌ನಲ್ಲಿರಲಿ ಎಂದು ಹೇಳಿದವಳು ಸರೋಜ. ‘ಎರಡು ದಿನದ ಮಾತು’ ಎಂದಳು. ನಾನು ಉದಾರವಾಗಿ ತಲೆಯಾಡಿಸಿದೆ. ಆಗ ನನಗೆ ಸೆಲ್ವನ ಪರಿಚಯ ಸರಿಯಾಗಿ ಇರಲಿಲ್ಲ. ಸೆಲ್ವ ಎಂದರೆ ಶೀಟು ಹೊದಿಸುವ ವೆಲ್ಡಿಂಗ್‌ನವನು. ಅವನಿಗೆ ಯಾವಾಗ ಫೋನ್ ಮಾಡಿದರೂ, ‘ಹೊರಟ್ಬಿಟ್ಟೆ ಸಾರ್, ಟಿನ್ ಫ್ಯಾಕ್ಟರಿ ಸಿಗ್ನಲ್ಲು’ ಎನ್ನುತ್ತಿದ್ದ. ಆ ಸಿಗ್ನಲ್‌ನಲ್ಲಿ ಜನ ಕಾಯುತ್ತಾರೆ ಎಂಬುದು ಈ ಕಡೆಯವರೆಲ್ಲರಿಗೂ ಗೊತ್ತು, ಆದ್ದರಿಂದ ನಂಬಿದೆ. ಆದರೆ ಒಬ್ಬ ಮನುಷ್ಯ ಒಂದೇ ಸಿಗ್ನಲ್‌ನಲ್ಲಿ ಮೂರು ವಾರ ಹೇಗೆ ನಿಲ್ಲುತ್ತಾನೆ? ಈ ನಡುವೆ ಮಳೆ ಬರುವ ಹಾಗಿತ್ತೆಂದು ಶಿವಾಜಿನಗರಕ್ಕೆ ಹೋಗಿ ಟಾರ್ಪಾಲು ತಂದೆ. ‘ತೂಫಾನ್ ಬಂದ್ರೂ ಏನೂ ಆಗಲ್ಲ ಸಾಬ್, ಒಂದ್ ಹನಿ ಕೆಳಗೆ ಬರಲ್ಲ’ ಎಂದ ಅಂಗಡಿಯವನು ಮಾತಿಗೆ ತಪ್ಪಲಿಲ್ಲ. ಒಂದು ಹನಿಯೂ ಕೆಳಗೆ ಬರಲಿಲ್ಲ. ಇಡೀ ಮಳೆ ಟಾರ್ಪಾಲಿನ ಮೇಲೆಯೇ ನಿಂತು, ಬೆಳಗಾಗುವಷ್ಟರಲ್ಲಿ ಉಳಿದ ಒಂದು ಪೈಪನ್ನೂ ಬಗ್ಗಿಸಿತು. ನಾನು ಕೊಡೆ ಹಿಡಿದು ನಿಂತು ಅದನ್ನೂ ನೋಡಿಕೊಂಡೆ.

ಹಾಲ್‌ನ ವಿಷಯ ಹೇಳಬೇಕು. ಶರಣಪ್ಪನ ಸಂಸಾರದಿಂದ ನನಗೆ ತೊಂದರೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಜಗಳವಾಡಬಹುದಿತ್ತು, ಮುಖ ಊದಿಸಿಕೊಳ್ಳಬಹುದಿತ್ತು. ಅವರು ಅದಕ್ಕೆ ಜಾಗವನ್ನೇ ಕೊಡಲಿಲ್ಲ. ನಾನು ಹಾಲ್‌ಗೆ ಕಾಲಿಟ್ಟರೆ ಮೂವರೂ ಎದ್ದು ನಿಲ್ಲುತ್ತಿದ್ದರು. ಸಂಜೆ ಬನಿಯನ್, ಲುಂಗಿಯಲ್ಲಿ ನನ್ನ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಟಿವಿ ನೋಡುವುದು ನನ್ನ ಜೀವನದ ಒಂದೇ ಐಷಾರಾಮ. ಈಗ ಸ್ವಂತ ಮನೆಯಲ್ಲಿ ಶರ್ಟಿನ ಗುಂಡಿ ಹಾಕಿಕೊಂಡು ಓಡಾಡಬೇಕಾಯಿತು. ಕೂರಿ ಎಂದರೆ ಕೂರುತ್ತಿರಲಿಲ್ಲ. ಅವರು ನಿಂತಿರುವಾಗ ನಾನು ಕೂರುವುದಾದರೂ ಹೇಗೆ ಎಂದು ನಾನೂ ನಿಲ್ಲುತ್ತಿದ್ದೆ. ನಾಲ್ವರು ನಿಂತು ವಾರ್ತೆ ಕೇಳುತ್ತಿದ್ದೆವು. ಕೊನೆಗೆ ನಾನು ಮಲಗುವ ಕೋಣೆಗೆ ಸೇರಿಕೊಂಡೆ. ಅಲ್ಲಿ ಅಂಗಾತ ಮಲಗಿದರೆ ಕಿಟಕಿಯಲ್ಲಿ ಎರಡನೇ ಕೊಂಬೆ ಕಾಣುತ್ತಿತ್ತು.

ರೊಟ್ಟಿಯ ವಿಷಯವೂ ಇದೆ. ಬೆಳಿಗ್ಗೆ ಐದಕ್ಕೆ ನಮ್ಮ ಅಡಿಗೆಮನೆಯಲ್ಲಿ ತಟ್ಟುವ ಸದ್ದು ಶುರುವಾಗುತ್ತಿತ್ತು. ಮೊದಲ ದಿನ ಹಾಸಿಗೆಯಲ್ಲೇ ಗೊಣಗಿದೆ. ಎರಡನೇ ದಿನ ಮಲ್ಲಮ್ಮ ತಟ್ಟೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟು, ‘ತಿಂದು ನೋಡ್ರಿ ಸರ’ ಎಂದಳು. ಮೂರನೇ ದಿನ ಐದು ಗಂಟೆಗೆ ನಾನೇ ಎದ್ದು ಕೂತೆ. ರಾಗಿಮುದ್ದೆ ತಿಂದು ಬೆಳೆದ ನಾಲಿಗೆ ಇಷ್ಟು ಬೇಗ ಪಕ್ಷ ಬದಲಿಸುತ್ತದೆ ಎಂದುಕೊಂಡಿರಲಿಲ್ಲ. ಸರೋಜಳ ಮುಖ ಸ್ವಲ್ಪ ಬಿಗಿಯಾಯಿತು, ಅದೂ ನನ್ನ ಲೆಕ್ಕಕ್ಕೇ ಸೇರಿತು. ತಿನ್ನುವಾಗ ಚೆನ್ನಾಗಿರುತ್ತಿತ್ತು. ತಿಂದಾದ ಮೇಲೆ, ಇವಳ ಮನೆಯ ಮೇಲೆ ಕೊಂಬೆ ಬೀಳಿಸಿದವನು ನಾನು, ಬೈಸಿಕೊಂಡವನು ಇವಳ ಗಂಡ ಎಂದು ನೆನಪಾಗಿ ಎದೆಯಲ್ಲಿ ಏನೋ ಕೂತ ಹಾಗಾಗುತ್ತಿತ್ತು. ಜೋಳ ನನಗೆ ಜೀರ್ಣವಾಗುವುದಿಲ್ಲ ಎಂದು ಸರೋಜ ಜೀರಿಗೆ ಕಷಾಯ ಮಾಡಿಕೊಟ್ಟಳು. ಕುಡಿದೆ.

ಹತ್ತೊಂಬತ್ತನೇ ದಿನವೋ ಇಪ್ಪತ್ತನೇ ದಿನವೋ, ಮಧ್ಯಾಹ್ನ ಕಾರ್ಖಾನೆಯಿಂದ ಬೇಗ ಬಂದೆ. ಶರಣಪ್ಪ ಹಿಂದಿನ ಮೆಟ್ಟಿಲ ಮೇಲೆ ಕೂತು ಗರಗಸದ ಸರಪಳಿಗೆ ಎಣ್ಣೆ ಹಚ್ಚುತ್ತಿದ್ದ. ನಿನ್ನೆಯೂ ಅದನ್ನೇ ಮಾಡುತ್ತಿದ್ದ, ಮೊನ್ನೆಯೂ. ‘ಯಾಕಪ್ಪ, ಕೆಲಸಕ್ಕೆ ಹೋಗ್ಲಿಲ್ವಾ?’ ಎಂದೆ. ಎದ್ದು ನಿಂತ.

‘ಇಲ್ರಿ ಸರ. ಮುನಿರಾಜು ಸರದು ಎರಡು ತೆಂಗಿನ ಮರ ಇತ್ತು, ಬ್ಯಾಡ ಅಂದ್ರು. ಹೊಸ ಲೇಔಟಿನವರೂ ಬ್ಯಾರೆಯವರಿಗೆ ಹೇಳ್ಯಾರಂತ. ಫೋನ್ ಮಾಡಿದ್ರ ಯಾರೂ ಎತ್ತವಲ್ರು.’

‘ಯಾಕೆ?’ ಎಂದು ಕೇಳಿದೆ. ಕೇಳಬಾರದಿತ್ತು.

ಅವನು ಸರಪಳಿಯನ್ನೇ ನೋಡುತ್ತ, ‘ಸ್ವಂತ ಮನಿ ಮ್ಯಾಲೇ ಕೊಂಬಿ ಕೆಡವಿಕೊಂಡವನು ಅಂತ ಹೆಸರು ಬಿದ್ದದ ಸರ. ರೂಮ್ ಆದ ಮ್ಯಾಲ ನಾವು ಬ್ಯಾರೆ ಕಡೆ ನೋಡ್ತೀವ್ರಿ. ಈ ಏರಿಯಾದಾಗ ಇನ್ನ ನಡಿಯಂಗಿಲ್ಲ’ ಎಂದ. ದೂರು ಹೇಳಿದ ಹಾಗಿರಲಿಲ್ಲ, ಮಳೆ ಬರುವ ಹಾಗಿದೆ ಎಂದು ಹೇಳುವಂತೆ ಹೇಳಿದ. ಭಾಗ್ಯಳನ್ನು ಬೇರೆ ಶಾಲೆಗೆ ಸೇರಿಸುವ ಮಾತೂ ಆಗಿತ್ತಂತೆ. ನನಗೆ ನಾಚಿಕೆಯಾಯಿತು. ನನ್ನ ಎರಡು ಪದಕ್ಕೆ ಒಂದು ಸಂಸಾರ ಮೂಟೆ ಕಟ್ಟುವುದರಲ್ಲಿತ್ತು. ಆ ರಾತ್ರಿ ಊಟ ಸೇರಲಿಲ್ಲ, ಜೋಳವೂ ಇರಲಿಲ್ಲ, ಅನ್ನ ಸಾರೇ ಇತ್ತು.

ಮರುದಿನ ಸಂಜೆ ಮುನಿರಾಜುವಿನ ಮನೆಗೆ ಹೋದೆ. ದಾರಿಯಲ್ಲಿ ಎರಡು ಸಲ ವಾಪಸ್ಸು ತಿರುಗಿದೆ. ಒಂದು ಸಲ ಚಪ್ಪಲಿ ಸರಿಮಾಡಿಕೊಳ್ಳುವ ನೆಪ, ಇನ್ನೊಂದು ಸಲ ನೆಪವೂ ಇರಲಿಲ್ಲ. ಅವನು ತನ್ನ ಕಟ್ಟಡದ ಕೆಳಗೆ ಕುರ್ಚಿ ಹಾಕಿಕೊಂಡು, ಬಾಡಿಗೆದಾರರಿಬ್ಬರ ಜೊತೆ ಮಾತಾಡುತ್ತ ಕೂತಿದ್ದ. ಅವರು ಹೋಗಲಿ ಎಂದು ಕಾದೆ, ಹೋಗಲಿಲ್ಲ. ಸರಿ, ಹೇಳುವುದಾದರೆ ನಾಲ್ಕು ಜನರ ಮುಂದೆಯೇ ಹೇಳಬೇಕು, ಕೆಡಿಸಿದ್ದೂ ನಾಲ್ಕು ಜನರ ಮುಂದೆಯೇ ಅಲ್ಲವೇ ಎಂದುಕೊಂಡು, ‘ಮುನಿರಾಜು, ಶರಣಪ್ಪಂದು ಏನೂ ತಪ್ಪಿಲ್ಲ ಕಣೋ. ಮುಕ್ಕಾಲು ಕಡಿದಿದ್ದಾಗ ನಾನೇ ನಿಲ್ಸಿದ್ದು. ರಾಹುಕಾಲ ಅಂತ. ಅವ್ನು ಬೇಡ ಅಂದ, ನಾನೇ ಬಲವಂತವಾಗಿ ಇಳಿಸ್ದೆ’ ಎಂದೆ. ಹೇಳಿದ ಮೇಲೆ ಎದೆ ಹಗುರವಾಯಿತು. ಸತ್ಯ ಹೇಳುವುದು ಇಷ್ಟು ಸುಲಭವಾಗಿದ್ದರೆ ಇಷ್ಟು ದಿನ ಕಷಾಯ ಯಾಕೆ ಕುಡಿದೆ ಎನಿಸಿತು. ಸ್ವಲ್ಪ ದೊಡ್ಡ ಮನುಷ್ಯನಾದ ಹಾಗೂ ಅನಿಸಿತು, ಮುಚ್ಚಿಡುವುದೇಕೆ?

ಮುನಿರಾಜು ನನ್ನನ್ನು ನೋಡಿದ. ಪಂಚಾಂಗ ನೋಡದೆ ಅವನು ಗಾಡಿಗೆ ಪೆಟ್ರೋಲೂ ಹಾಕಿಸುವುದಿಲ್ಲ, ಏಳು ದಿನದ ರಾಹುಕಾಲವೂ ಅವನ ನಾಲಿಗೆಯ ತುದಿಯಲ್ಲಿದೆ. ‘ಅವತ್ತು ಯಾವ ವಾರ ಅಣ್ಣ?’ ಎಂದ.

‘ಸೋಮವಾರ.’

‘ನಿಲ್ಸಿದ್ದು ಎಷ್ಟೊತ್ತಿಗೆ?’

‘ಒಂಬತ್ತಕ್ಕೆ.’

‘ಶುರು ಮಾಡಿದ್ದು?’

‘ಏಳೂ ಮುಕ್ಕಾಲು.’

ಅವನು ಕೂಡಲೇ ನಗಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡ. ‘ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು ಅಣ್ಣ. ರಾಹುಕಾಲ ಪೂರ್ತಿ ಕಡ್ಸಿ, ಮುಗೀತಿದ್ದ ಹಾಗೆ ನಿಲ್ಸಿದೀಯಲ್ಲ’ ಎಂದವನು ಆಮೇಲೆ ನಕ್ಕ. ಬಾಡಿಗೆದಾರರೂ ನಕ್ಕರು. ಎರಡನೇ ಮಹಡಿಯ ಬಾಲ್ಕನಿಯಿಂದಲೂ ಯಾರೋ ನಕ್ಕಂತೆ ಕೇಳಿಸಿತು. ನಗು ನಿಂತ ಮೇಲೆ ಮುನಿರಾಜು ಅಲ್ಲೇ ಫೋನ್ ತೆಗೆದು ಶರಣಪ್ಪನಿಗೆ, ‘ನಾಳೆ ಬಾರಪ್ಪ, ತೆಂಗಿನ ಮರ ನೋಡು’ ಎಂದ. ಬಂದ ಕೆಲಸ ಆಯಿತು. ಆದರೆ ದೊಡ್ಡ ಮನುಷ್ಯನಾಗಿ ನಾನು ಬದುಕಿದ್ದು ಒಂದು ನಿಮಿಷವೂ ಇರಲಿಲ್ಲ.

ಮನೆಗೆ ಬಂದು ನೇರವಾಗಿ ಕ್ಯಾಲೆಂಡರಿನ ಮುಂದೆ ನಿಂತೆ. ಮೂವರೂ ಎದ್ದು ನಿಂತರು. ಒಂಬತ್ತರಿಂದ ಹತ್ತೂವರೆ ನಾನು ಕಣ್ಣಾರೆ ನೋಡಿದ್ದೆ. ಅದು ಯಾವ ವಾರದ್ದು? ಮುಂದಿನ ಹಾಳೆಗಳನ್ನು ಎತ್ತಿ ನೋಡಿದೆ. ಶನಿವಾರ. ದಿನಾ ಬೆಳಿಗ್ಗೆ ಹಾಳೆ ಹರಿಯುವುದು ಅಪ್ಪನ ನಂತರ ಈ ಮನೆಯಲ್ಲಿ ನನ್ನ ಕೆಲಸ. ಆ ಭಾನುವಾರ ಹರಿದಿರಲಿಲ್ಲ, ಸೋಮವಾರ ಮರದ ಗಡಿಬಿಡಿ. ಎರಡು ದಿನದ ಹಳೆಯ ರಾಹುಕಾಲಕ್ಕೆ ಹೆದರಿ ಕೊಂಬೆ ನಿಲ್ಲಿಸಿದ್ದೆ. ಆದರೆ ಈಗ ಗೋಡೆಯ ಮೇಲೆ ಇವತ್ತಿನ ಹಾಳೆಯೇ ಇತ್ತು. ಯೋಚಿಸಿದರೆ, ಈ ಮೂರು ವಾರದಲ್ಲಿ ನಾನು ಒಂದು ಹಾಳೆಯನ್ನೂ ಹರಿದ ನೆನಪಿಲ್ಲ.

‘ಇದನ್ನ ದಿನಾ ಹರೀತಿರೋದು ಯಾರು?’ ಎಂದೆ.

‘ನೀವಲ್ವಾ?’ ಎಂದಳು ಸರೋಜ ಅಡಿಗೆಮನೆಯಿಂದ.

‘ನಾನ್ರಿ ಸರ’ ಎಂದಳು ಮಲ್ಲಮ್ಮ. ಭಾಗ್ಯಳ ಚೀಲದಿಂದ ಕ್ಲಿಪ್ ಹಾಕಿದ ಹಾಳೆಗಳ ಕಟ್ಟು ತೆಗೆದಳು. ಹಿಂಬದಿ ಖಾಲಿ ಇರುತ್ತದೆಂದು ಮಗಳು ಲೆಕ್ಕ ಮಾಡಲು ಇಟ್ಟುಕೊಂಡಿದ್ದಳು. ಎಲ್ಲಕ್ಕಿಂತ ಕೆಳಗಿದ್ದದ್ದು ಆ ಶನಿವಾರ. ಹಿಂದೆ ಏಳರ ಮಗ್ಗಿ, ಮುಂದೆ ರಾಹುಕಾಲ ಒಂಬತ್ತರಿಂದ ಹತ್ತೂವರೆ. ‘ಇಲ್ಲಿಗಿ ಬಂದ ದಿನ ಸಂಜಿಗೇ ನೋಡಿದ್ವಿರಿ. ಶನಿವಾರದ ಹಾಳಿ ಹಂಗೇ ಇತ್ತು. ಅಕ್ಕಾವ್ರು ನೋಡಿದ್ರ ನಿಮಗ ಬೈತಾರಂತ ಶನಿವಾರದ್ದು, ಭಾನುವಾರದ್ದು ಎರಡೂ ಹರದು ಇಟ್ಟೆ’ ಎಂದಳು.

ನಾನು ಶರಣಪ್ಪನ ಕಡೆ ತಿರುಗಿದೆ. ‘ನಿಂಗೂ ಗೊತ್ತಿತ್ತಾ?’

‘ಗೊತ್ತಿತ್ರಿ ಸರ.’

‘ಮತ್ತೆ ಯಾಕೆ ಹೇಳಲಿಲ್ಲ? ಊರೆಲ್ಲ ನಿನ್ನ ಅಂತಿತ್ತಲ್ಲಪ್ಪ.’

ಉತ್ತರ ಕೊಟ್ಟವಳು ಮಲ್ಲಮ್ಮ. ‘ಹೇಳಿದ್ರ ನೀವು ಹಾಲ್‌ಗಿ ಬರೂದೇ ಬಿಡ್ತಿದ್ರಿ ಸರ. ಮೊದಲೇ ಬರೂದು ಕಡಿಮಿ.’

ಒಂದು ತಪ್ಪು ಒಪ್ಪಿಕೊಳ್ಳಲು ಮೂರು ವಾರ ಧೈರ್ಯ ಕೂಡಿಸಿದ್ದೆ. ಆ ಮೂರು ವಾರವೂ ನನ್ನ ಎರಡು ತಪ್ಪುಗಳನ್ನು ಇವರು ಮಡಚಿ, ಕ್ಲಿಪ್ ಹಾಕಿ, ಮಗುವಿನ ಚೀಲದಲ್ಲಿಟ್ಟು ಕಾಯ್ದುಕೊಂಡಿದ್ದರು. ‘ತಪ್ಪಾಯ್ತಪ್ಪ’ ಎಂದೆ. ಅಂದು ಶರ್ಟಿನ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತು ನೋಡಿ ಅವರೂ ಕೂತರು.

ಇಪ್ಪತ್ತೆರಡನೇ ದಿನ ಸೆಲ್ವ ಸಿಗ್ನಲ್ ದಾಟಿ ಬಂದ. ಮೂರನೇ ರೂಮಿಗೆ ಹೊಸ ಶೀಟು ಬಂತು, ಮಂಚ ಟಿವಿ ನಾನೇ ಕೊಡಿಸಿದೆ, ಬೇರೆ ಕಡೆ ಹೋಗುವ ಮಾತು ಮತ್ತೆ ಬರಲಿಲ್ಲ. ಹೋದ ವಾರ, ನನ್ನ ಕೋಣೆಯ ಮೇಲಿನ ಎರಡನೇ ಕೊಂಬೆ ಕಡಿಯಲು ಶರಣಪ್ಪ ಹಗ್ಗ ತಂದ. ನಾನು ರಜೆ ಹಾಕಿ, ತಲೆಗೆ ಟವೆಲ್ ಸುತ್ತಿ ಅಂಗಳಕ್ಕೆ ಹೊರಟೆ. ಅವನು ಬಾಗಿಲಲ್ಲೇ ತಡೆದ. ‘ಸರ, ನೀವು ಒಳಗ ಕುಂದರ್ರಿ. ಮಲ್ಲಮ್ಮ ನಿಂತು ನೋಡ್ಕೋತಾಳ’ ಎಂದ. ಮೂವತ್ತು ವರ್ಷ ಹೇಳಿ ಸಾಕಾಗಿದ್ದ ಸರೋಜ ಕುರ್ಚಿಯನ್ನು ಎಳೆದು ಕೊಟ್ಟಳು. ಕೂತೆ. ಹೊರಗೆ ಗರಗಸ ಶುರುವಾಯಿತು. ಎದುರಿಗೆ ಕ್ಯಾಲೆಂಡರ್ ಇತ್ತು. ಅವರು ತಮ್ಮ ರೂಮಿಗೆ ಹೋಗಿ ಒಂಬತ್ತು ದಿನವಾಗಿತ್ತು, ಹಾಳೆಯೂ ಒಂಬತ್ತು ದಿನದ ಹಿಂದಿನದೇ ಇತ್ತು.